ನೋವು ಹೇಳಿಕೊಳ್ಳದ ಶ್ವಾಸಕೋಶ

ಕೊಳ್ಳೇಗಾಲದಲ್ಲಾಗಲಿ, ಯಳಂದೂರು ತಾಲೂಕಿನ ಮಾಂಬಳ್ಳಿಯಲ್ಲಾಗಲಿ, ರೇಷ್ಮೆ ನೂಲು ಬಿಚ್ಚುವ ಮನೆಗಳಿಗೆ ಕೆಮ್ಮು ಹೊಸದಲ್ಲ. ಬೆಳಗಾಗುತ್ತಲೇ ಒಲೆಗೆ ಸೌದೆ ಬೀಳುತ್ತದೆ, ನೀರು ಕುದಿಯುತ್ತದೆ, ಗೂಡು ಬೇಯುತ್ತದೆ. ಹೊಗೆ, ಹಬೆ, ಬೆಂದ ಹುಳುವಿನ ವಾಸನೆ ಮೂರೂ ಸೇರಿದ ಗಾಳಿಯಲ್ಲಿ ಗಂಟೆಗಟ್ಟಲೆ ಕೂತು ಎಳೆ ತೆಗೆಯುವವರು ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. “ಈ ಕೆಲಸಕ್ಕೆ ಕೆಮ್ಮು ಇದ್ದದ್ದೇ” ಎಂದು ಸುಮ್ಮನಾಗುತ್ತೇವೆ. ಹನೂರು ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ಸೌದೆ ಒಲೆಯ ಮುಂದೆ ಕೂರುವ ತಾಯಂದಿರ ಮಾತೂ ಇದೇ. ಹೀಗೆ ಸುಮ್ಮನಾಗುವುದು ಏಕೆ ತಪ್ಪು ಎಂದು ತಿಳಿಯಲು, ಅಲ್ಲಾಹನು ನಮ್ಮ ಎದೆಯೊಳಗೆ ಇಟ್ಟಿರುವ ಈ ಅಂಗದ ರಚನೆ ಮತ್ತು ಕೆಲಸವನ್ನು ಸ್ವಲ್ಪ ನೋಡೋಣ.

ಗಾಳಿ ಹೋಗುವ ದಾರಿ

ಮೂಗಿನೊಳಗೆ ಹೋದ ಗಾಳಿ ಮೊದಲು ಬೆಚ್ಚಗಾಗುತ್ತದೆ, ತೇವಗೊಳ್ಳುತ್ತದೆ. ಮೂಗಿನ ಕೂದಲು ಮತ್ತು ಅಂಟುದ್ರವ ದಪ್ಪ ದೂಳನ್ನು ಅಲ್ಲೇ ತಡೆಯುತ್ತವೆ. ಬಾಯಿಂದ ಉಸಿರಾಡಿದರೆ ಈ ಲಾಭವಿಲ್ಲ. ಗಂಟಲಿನಲ್ಲಿ ಅನ್ನದ ದಾರಿ ಮತ್ತು ಗಾಳಿಯ ದಾರಿ ಬೇರೆಯಾಗುತ್ತವೆ. ನುಂಗುವಾಗ ಒಂದು ಪುಟ್ಟ ಮುಚ್ಚಳ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಉಣ್ಣುತ್ತಾ ಮಾತಾಡಿದರೆ ಆ ಲೆಕ್ಕ ತಪ್ಪಿ ನೆತ್ತಿಗೆ ಹತ್ತುತ್ತದೆ.

ಅದರ ಕೆಳಗೆ 10ರಿಂದ 12 ಸೆಂಟಿಮೀಟರ್ ಉದ್ದದ ಶ್ವಾಸನಾಳ. ಅದು ಕುಸಿಯದಂತೆ ಮೃದ್ವಸ್ಥಿಯ 16ರಿಂದ 20 ಬಳೆಗಳು ಹಿಡಿದಿವೆ. ಈ ಬಳೆಗಳು ಹಿಂಬದಿಯಲ್ಲಿ ಪೂರ್ತಿ ಕೂಡಿಲ್ಲ. ಹಿಂದಿರುವ ಅನ್ನನಾಳದಲ್ಲಿ ತುತ್ತು ಇಳಿಯಲು ಜಾಗ ಬೇಕಲ್ಲ! ಶ್ವಾಸನಾಳ ಎರಡಾಗಿ ಕವಲೊಡೆದು ಎರಡು ಶ್ವಾಸಕೋಶಗಳನ್ನು ಸೇರುತ್ತದೆ. ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡಕ್ಕೆ ಎರಡೇ. ಎಡಗಡೆ ಹೃದಯಕ್ಕೆ ಜಾಗ ಬಿಡಬೇಕಾಗಿದೆ. ಮರದ ಕೊಂಬೆಗಳಂತೆ ಈ ನಳಿಕೆಗಳು ಸುಮಾರು 23 ಸಲ ಕವಲೊಡೆಯುತ್ತಾ ಕೂದಲೆಳೆಯಂತೆ ಸಣ್ಣದಾಗುತ್ತವೆ. ತುದಿಯಲ್ಲಿ ದ್ರಾಕ್ಷಿ ಗೊಂಚಲಿನಂತೆ ಗಾಳಿಗೂಡುಗಳಿವೆ.

ಗಾಳಿಗೂಡಿನ ವ್ಯಾಪಾರ

ಒಂದು ಗಾಳಿಗೂಡಿನ ಅಗಲ ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ಅಂಥವು 30ರಿಂದ 50 ಕೋಟಿ ಇವೆ. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ 30 ಅಡಿ ಉದ್ದ, 25 ಅಡಿ ಅಗಲದ ಮನೆಯ ನೆಲದಷ್ಟಾಗುತ್ತದೆ. ಪ್ರತಿ ಗೂಡಿನ ಸುತ್ತ ಅತಿಸಣ್ಣ ರಕ್ತನಾಳಗಳ ಬಲೆ. ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳು. ಅದನ್ನು ದಾಟಿ ಆಮ್ಲಜನಕ ರಕ್ತಕ್ಕೆ ಸೇರುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಒಳಗೆ ಹೋಗುವ ಗಾಳಿಯಲ್ಲಿ ಶೇಕಡಾ 21 ಆಮ್ಲಜನಕವಿದ್ದರೆ ಹೊರಬರುವ ಉಸಿರಿನಲ್ಲಿ ಸುಮಾರು 16 ಉಳಿದಿರುತ್ತದೆ.

ರಕ್ತ ಹೀಗೆ ಶ್ವಾಸಕೋಶವನ್ನು ಸುತ್ತಿ ಬರುತ್ತದೆಂಬುದನ್ನು ಬರೆದಿಟ್ಟ ವೈದ್ಯ ಇಬ್ನ್ ಅನ್ನಫೀಸ್. 1213ರಲ್ಲಿ ಹುಟ್ಟಿ, ದಮಾಸ್ಕಸ್‌ನಲ್ಲಿ ಕಲಿತು, ಕೈರೋದಲ್ಲಿ ವೈದ್ಯರಾಗಿದ್ದು 1288ರಲ್ಲಿ ತೀರಿಕೊಂಡರು. ಹೃದಯದ ನಡುಗೋಡೆಯಲ್ಲಿ ಕಾಣದ ರಂಧ್ರಗಳಿವೆ, ರಕ್ತ ಅವುಗಳ ಮೂಲಕ ಬಲದಿಂದ ಎಡಕ್ಕೆ ಹೋಗುತ್ತದೆ ಎಂದು ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದನ್ನು ಲೋಕ ಸಾವಿರ ವರ್ಷ ನಂಬಿತ್ತು. ಆ ಗೋಡೆಯಲ್ಲಿ ರಂಧ್ರವೇ ಇಲ್ಲ, ರಕ್ತ ಶ್ವಾಸಕೋಶಕ್ಕೆ ಹೋಗಿ ಗಾಳಿಯನ್ನು ಪಡೆದೇ ಎಡಭಾಗಕ್ಕೆ ಬರುತ್ತದೆ ಎಂದು ಇವರು 1242ರಲ್ಲಿ, ಇಬ್ನ್ ಸೀನಾರ ವೈದ್ಯಗ್ರಂಥದ ಮೇಲಿನ ವ್ಯಾಖ್ಯಾನದಲ್ಲಿ ಬರೆದರು. ಯುರೋಪಿನ ವಿಲಿಯಂ ಹಾರ್ವೆಯ ಗ್ರಂಥ ಬಂದದ್ದು 1628ರಲ್ಲಿ. ಮರೆತುಹೋಗಿದ್ದ ಇಬ್ನ್ ಅನ್ನಫೀಸರ ಹಸ್ತಪ್ರತಿಯನ್ನು 1924ರಲ್ಲಿ ಈಜಿಪ್ಟಿನ ವೈದ್ಯರೊಬ್ಬರು ಬರ್ಲಿನ್‌ನ ಗ್ರಂಥಾಲಯದಲ್ಲಿ ಕಂಡರು.

ತಿದಿಯೂ ಪೊರಕೆಯೂ

ಶ್ವಾಸಕೋಶ ತಾನಾಗಿ ಹಿಗ್ಗಲಾರದು. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯು ಕೆಳಗಿಳಿದಾಗ, ಪಕ್ಕೆಲುಬುಗಳು ಮೇಲೆದ್ದಾಗ ಎದೆಗೂಡು ಹಿಗ್ಗಿ ಗಾಳಿ ಒಳನುಗ್ಗುತ್ತದೆ. ಕಮ್ಮಾರನ ತಿದಿಯಂತೆಯೇ ಈ ಕೆಲಸ. ಸುಮ್ಮನೆ ಕುಳಿತಾಗ ನಿಮಿಷಕ್ಕೆ 12ರಿಂದ 20 ಸಲ, ಒಂದೊಂದು ಸಲಕ್ಕೆ ಸುಮಾರು ಅರ್ಧ ಲೀಟರ್. ದಿನಕ್ಕೆ ಇಪ್ಪತ್ತು ಸಾವಿರದಷ್ಟು ಉಸಿರು. ನಿದ್ದೆಯಲ್ಲೂ ಮಿದುಳಿನ ಬುಡಭಾಗ ಇದನ್ನು ನಡೆಸುತ್ತಿರುತ್ತದೆ.

ಇಷ್ಟು ಗಾಳಿಯ ಜೊತೆ ಕಸವೂ ಬರುತ್ತದೆ. ನಳಿಕೆಗಳ ಒಳಗೋಡೆಯಲ್ಲಿ ಅಂಟುದ್ರವ ಮತ್ತು ಕಣ್ಣಿಗೆ ಕಾಣದ ರೋಮಗಳಿವೆ. ದೂಳು ಅಂಟಿಗೆ ಸಿಕ್ಕಿಬೀಳುತ್ತದೆ; ರೋಮಗಳು ಪೊರಕೆಯಂತೆ ಬೀಸಿ ಅದನ್ನು ಗಂಟಲಿಗೆ ತಳ್ಳುತ್ತವೆ. ಅದೇ ಕಫ. ಬೀಡಿ, ಸಿಗರೇಟಿನ ಹೊಗೆ ಈ ರೋಮಗಳನ್ನು ಜಡವಾಗಿಸುತ್ತದೆ. ಪೊರಕೆ ನಿಂತ ಮೇಲೆ ಕಸ ತೆಗೆಯಲು ಕೆಮ್ಮು ಒಂದೇ ಉಳಿಯುವ ದಾರಿ.

ವುಝೂ ಮಾಡುವಾಗ ದಿನಕ್ಕೆ ಹಲವು ಸಲ ಮೂಗಿಗೆ ನೀರೆಳೆದು ಸ್ವಚ್ಛಗೊಳಿಸುವ ಸುನ್ನತ್ ಮೂಗಿನ ಮುಂಭಾಗದ ದೂಳು, ಸಿಂಬಳವನ್ನು ತೊಳೆಯುತ್ತದೆ. ಅದನ್ನು ಅವಸರದಲ್ಲಿ ಮುಗಿಸಬಾರದು. ಆದರೆ ಹೊಗೆಯ ಅತಿಸಣ್ಣ ಕಣಗಳು ಮೂಗನ್ನೂ ರೋಮಗಳನ್ನೂ ದಾಟಿ ಗಾಳಿಗೂಡಿಗೇ ಇಳಿಯುತ್ತವೆ. ಅಲ್ಲಿಗೆ ನೀರು ತಲುಪುವುದಿಲ್ಲ. ಕಲ್ಲು ಕೊರೆಯುವ, ಕತ್ತರಿಸುವ ಕೆಲಸದಲ್ಲಿ ಏಳುವ ಸಿಲಿಕಾ ದೂಳೂ ಹಾಗೆಯೇ. ಅದು ಒಳಗೆ ಗಾಯದ ಗಂಟು ಕಟ್ಟಿ ಸಿಲಿಕೋಸಿಸ್ ತರುತ್ತದೆ.

ತಡವಾಗಿ ತಿಳಿಯುವುದೇಕೆ?

ಶ್ವಾಸಕೋಶದ ತಿರುಳಿಗೆ ನೋವು ತಿಳಿಯುವುದಿಲ್ಲ. ನೋವು ಗೊತ್ತಾಗುವುದು ಎದೆಗೂಡಿನ ಒಳಬದಿಗೆ ಅಂಟಿದ ಪೊರೆಗೆ ಮಾತ್ರ. ಮೇಲಾಗಿ ಸುಮ್ಮನಿರುವಾಗ ನಮಗೆ ಬೇಕಾದದ್ದು ಅದರ ಶಕ್ತಿಯ ಸಣ್ಣ ಪಾಲು. ಒಂದು ಶ್ವಾಸಕೋಶವನ್ನು ತೆಗೆದರೂ ಬದುಕಿರುವವರಿದ್ದಾರೆ. ಆದ್ದರಿಂದ ಹೊಗೆ ಗೂಡುಗಳ ಗೋಡೆಯನ್ನು ಒಂದೊಂದಾಗಿ ಕೆಡವುತ್ತಿದ್ದರೂ ವರ್ಷಗಟ್ಟಲೆ ಏನೂ ಅನ್ನಿಸುವುದಿಲ್ಲ. ಮಸೀದಿಯ ಮೆಟ್ಟಿಲು ಹತ್ತಿದಾಗ ಏದುಸಿರು ಬರುವ ಹೊತ್ತಿಗೆ ಬಹಳಷ್ಟು ಹೋಗಿರುತ್ತದೆ. ಹೀಗೆ ಕುಸಿದ ಗೋಡೆ ಮತ್ತೆ ಬೆಳೆಯುವುದಿಲ್ಲ. ವೈದ್ಯರು ಸಿಒಪಿಡಿ ಎನ್ನುವ ಕಾಯಿಲೆಯಲ್ಲಿ ಆಗುವುದು ಇದೇ. ಬೀಡಿ ಮುಟ್ಟದ ಹೆಂಗಸರಿಗೂ ಒಲೆಯ ಹೊಗೆಯಿಂದಲೇ ಇದು ಬರುತ್ತದೆ.

ನಾವು ಮಾಡಬೇಕಾದದ್ದು

ನೂಲು ಬಿಚ್ಚುವ ಜಾಗದಲ್ಲಿ ಒಲೆಯ ಹೊಗೆಗೊಳವೆ ಸೂರನ್ನು ದಾಟಿ ಮೇಲಕ್ಕೆ ಹೋಗಲಿ. ಎದುರುಬದುರು ಕಿಟಕಿ ಇರಲಿ, ಹಬೆ ಎಳೆಯುವ ಫ್ಯಾನು ಇರಲಿ. ಹಸಿ ಸೌದೆ ಬೇಡ. ಮಕ್ಕಳನ್ನು ಅಲ್ಲಿ ಮಲಗಿಸಬೇಡಿ. ಮೂಗಿಗೆ ಕಟ್ಟಿದ ಬಟ್ಟೆ ಸಣ್ಣ ಕಣಗಳನ್ನು ತಡೆಯದು; ಕಲ್ಲಿನ ಕೆಲಸದವರಿಗೆ ಎನ್-95 ಮಾಸ್ಕ್ ಬೇಕು, ಕೊರೆಯುವಾಗ ನೀರು ಹಾಯಿಸಬೇಕು. ಗೂಡಿನ ಕೆಲಸಕ್ಕೆ ಕೂತಾಗ ಎದೆ ಬಿಗಿದು, ರಜೆಯ ದಿನ ಸಡಿಲವಾದರೆ ಅದು ಅಸ್ತಮಾ ಇರಬಹುದು. ವೈದ್ಯರಿಗೆ ಕೆಲಸದ ವಿಷಯವನ್ನೂ ತಿಳಿಸಿ.

ಮನೆಯಲ್ಲಿ ಗ್ಯಾಸ್ ಇದ್ದರೂ ಸಿಲಿಂಡರ್ ಉಳಿಸಲು ಸೌದೆ ಹಚ್ಚುವುದುಂಟು. ಆಗ ಒಲೆ ಹೊರಗಿರಲಿ. ಮುಚ್ಚಿದ ಕೋಣೆಯಲ್ಲಿ ಲೋಬಾನ, ಅಗರಬತ್ತಿ, ಸೊಳ್ಳೆಬತ್ತಿ ಹಚ್ಚಿದರೆ ಅದೂ ಹೊಗೆಯೇ.

ಇನ್ಹೇಲರ್ ಹಿಡಿದರೆ ಬಿಡಲಾಗದ ಚಟವಾಗುತ್ತದೆಂಬುದು ತಪ್ಪು ತಿಳಿವಳಿಕೆ. ಔಷಧ ನೇರವಾಗಿ ನಳಿಕೆಗೇ ತಲುಪುವುದರಿಂದ ಸ್ವಲ್ಪವೇ ಸಾಕಾಗುತ್ತದೆ. ರಮಝಾನ್‌ಗೆ ಮೊದಲೇ ವೈದ್ಯರನ್ನು ಕಂಡು, ಸಹರಿ ಮತ್ತು ಇಫ್ತಾರ್ ವೇಳೆಗೆ ಔಷಧವನ್ನು ಹೊಂದಿಸಿಕೊಳ್ಳಬಹುದೇ ಎಂದು ಕೇಳಿ. ನಿಜವಾದ ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇದೆ.

ಕೆಮ್ಮು ಎರಡು ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ, ಸಂಜೆ ಜ್ವರ ಬಂದು ತೂಕ ಇಳಿದರೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಪರೀಕ್ಷೆ, ಔಷಧ ಎರಡೂ ಅಲ್ಲಿ ಉಚಿತ. ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಇದ್ದ ಸಹಾಯಧನ 2024ರ ನವೆಂಬರ್‌ನಿಂದ 1000 ರೂಪಾಯಿ ಆಗಿದೆ. ಮಗಳ ಮದುವೆಗೆ ತೊಡಕಾದೀತೆಂದು ಕ್ಷಯವನ್ನು ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟರೆ ರೋಗ ಮನೆಮಂದಿಗೆಲ್ಲ ಹರಡುತ್ತದೆ. ಮಾತ್ರೆಯನ್ನು ನಡುವೆ ಬಿಡದೆ ನುಂಗಿದರೆ ವಾಸಿಯಾಗುತ್ತದೆ.

ಆರೋಗ್ಯ ನಮ್ಮ ಕೈಗೆ ಕೊಟ್ಟಿರುವ ಅಮಾನತು. ಮನೆಯಲ್ಲಿ ಯಾರಾದರೂ ಬಹಳ ದಿನದಿಂದ ಕೆಮ್ಮುತ್ತಿದ್ದರೆ “ಇದ್ದದ್ದೇ” ಎನ್ನದೆ, ಈ ವಾರವೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.