ಮುಂದಿನ ಗಾಲಿ ಸರಿಪಡಿಸಿ, ಟೈರು ಉಳಿಸಿ

ನಿಮ್ಮ ಟ್ರ್ಯಾಕ್ಟರಿನ ಮುಂದಿನ ಟೈರುಗಳು ಒಂದೇ ಅಂಚಿನಲ್ಲಿ ಸವೆಯುತ್ತಿವೆಯೇ? ಟೈರನ್ನು ದೂರುವ ಮೊದಲು ಗಾಲಿಗಳ ಜೋಡಣೆಯನ್ನು ಪರೀಕ್ಷಿಸಿ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಮುಂದಿನ ಎರಡು ಗಾಲಿಗಳ ನಡುವಣ ಅಂತರವು ಹಿಂಬದಿಗಿಂತ ಮುಂಬದಿಯಲ್ಲಿ ಕೆಲವು ಮಿಲಿಮೀಟರುಗಳಷ್ಟು ಕಡಿಮೆ ಇರಬೇಕು. ಇದಕ್ಕೆ ‘ಟೋ-ಇನ್’ ಎನ್ನುತ್ತಾರೆ. ಇದು ಅತಿಯಾದರೆ ಟೈರಿನ ಹೊರ ಅಂಚು ಸವೆಯುತ್ತದೆ. ಗಾಲಿಗಳು ಹೊರಕ್ಕೆ ತಿರುಗಿದ್ದರೆ ಒಳ ಅಂಚು ಸವೆಯುತ್ತದೆ.

ಮೊದಲು ಎರಡೂ ಟೈರುಗಳಿಗೆ ಸರಿಯಾದ ಗಾಳಿ ತುಂಬಿಸಿ. ಬೇರಿಂಗು, ಟೈ ರಾಡಿನ ಕೀಲುಗಳು ಸಡಿಲವಿದ್ದರೆ ಸರಿಪಡಿಸಿ. ಟ್ರ್ಯಾಕ್ಟರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ, ಗಾಲಿಗಳು ನೇರವಾಗಿರುವಂತೆ ನಿಲ್ಲಿಸಿ. ಅಚ್ಚಿನ ಮಟ್ಟದಲ್ಲಿ ಎರಡೂ ರಿಮ್ಮುಗಳ ಮುಂಬದಿಯ ಒಳ ಅಂಚಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಅಂತರ ಅಳೆಯಿರಿ. ಗುರುತುಗಳು ಹಿಂಬದಿಗೆ ಬರುವಂತೆ ಗಾಲಿ ಅರ್ಧ ಸುತ್ತು ಉರುಳುವಷ್ಟು ಟ್ರ್ಯಾಕ್ಟರನ್ನು ಮುಂದಕ್ಕೆ ಸರಿಸಿ, ಮತ್ತೆ ಅಳೆಯಿರಿ. ಎರಡು ಅಳತೆಗಳ ವ್ಯತ್ಯಾಸವೇ ಟೋ-ಇನ್. ಅದು ಎಷ್ಟಿರಬೇಕೆಂದು ನಿಮ್ಮ ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ನೋಡಿ.

ವ್ಯತ್ಯಾಸ ಸರಿಯಿಲ್ಲದಿದ್ದರೆ ಎಂಜಿನ್ ನಿಲ್ಲಿಸಿ, ಬ್ರೇಕು ಹಾಕಿ. ಟೈ ರಾಡಿನ ಲಾಕ್‌ನಟ್ಟುಗಳನ್ನು ಸಡಿಲಿಸಿ ರಾಡನ್ನು ತಿರುಗಿಸಿ. ಎರಡು ರಾಡುಗಳಿದ್ದರೆ ಎರಡನ್ನೂ ಸಮನಾಗಿ ಹೊಂದಿಸಿ. ನಟ್ಟುಗಳನ್ನು ಬಿಗಿಮಾಡಿ ಮತ್ತೊಮ್ಮೆ ಅಳೆಯಿರಿ. ನಟ್ಟು ಸಡಿಲ ಉಳಿದರೆ ಸ್ಟಿಯರಿಂಗ್ ಕೈತಪ್ಪಿ ಅಪಾಯವಾದೀತು.

ಗಾಲಿ ಬದುವಿಗೋ ಕಲ್ಲಿಗೋ ಬಲವಾಗಿ ಬಡಿದಾಗ, ಸಾಲಿನ ಅಂತರಕ್ಕೆ ತಕ್ಕಂತೆ ಗಾಲಿಗಳ ಅಗಲ ಬದಲಿಸಿದಾಗ ಈ ಪರೀಕ್ಷೆಯನ್ನು ತಪ್ಪದೆ ಮಾಡಿ.