ಆಸ್ಪತ್ರೆಗೆ ಸೇರಿಸಿಕೊಳ್ಳದ ಕಾಯಿಲೆಗಳು

ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಓದಿದ ಕೂಡಲೇ ಅರ್ಥವಾಗುತ್ತವೆ. ಬೈಪಾಸ್, ಡಯಾಲಿಸಿಸ್, ಕ್ಯಾನ್ಸರ್, ಅಪಘಾತ. ಆಸ್ಪತ್ರೆಯ ಅಂದಾಜು ಪಟ್ಟಿ ಇರುತ್ತದೆ, ಸಮಿತಿ ಕೂತು ಇಂತಿಷ್ಟು ಎಂದು ಮಂಜೂರು ಮಾಡುತ್ತದೆ. ಆದರೆ ವರ್ಷಕ್ಕೆ ಕೆಲವು ಅರ್ಜಿಗಳು ಹಾಗಿರುವುದಿಲ್ಲ. ಕಾಯಿಲೆಯ ಹೆಸರು ಬರೆಯುವ ಜಾಗದಲ್ಲಿ ಎರಡು ಮೂರು ಹೆಸರುಗಳು. ಆಸ್ಪತ್ರೆಗೆ ದಾಖಲಾದ ದಿನಾಂಕದ ಜಾಗ ಖಾಲಿ. ಜೊತೆಗೆ ಔಷಧಿ ಅಂಗಡಿಯ ಹತ್ತಾರು ಸಣ್ಣ ಬಿಲ್ಲುಗಳು. ಈ ಅರ್ಜಿಗಳ ಹಿಂದೆ ಏನಿದೆ ಎಂದು ಸದಸ್ಯರಿಗೆ ತಿಳಿಯುವಂತೆ ಬರೆಯಿರಿ ಎಂದು ಸಮಿತಿಯವರು ಕೇಳಿಕೊಂಡಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ. ಇಂಥ ಮೂರು ಕಾಯಿಲೆಗಳನ್ನು ಇಟ್ಟುಕೊಂಡು ಡೊಂಬಿವಲಿಯಲ್ಲಿ ಸಂಸಾರ ಮಾಡಿಕೊಂಡಿರುವವಳು.

ಇವುಗಳನ್ನು ಆಟೋಇಮ್ಯೂನ್ ಕಾಯಿಲೆಗಳು ಎನ್ನುತ್ತಾರೆ. ಹೊರಗಿನಿಂದ ಬರುವ ರೋಗಾಣುಗಳನ್ನು ಹೊಡೆಯಬೇಕಾದ ರೋಗನಿರೋಧಕ ಶಕ್ತಿ ನಮ್ಮದೇ ದೇಹದ ಮೇಲೆ ತಿರುಗಿ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದರೆ ನಮ್ಮವರಿಗೆ ಬೇಗ ತಿಳಿಯುತ್ತದೆ. ಅದು ಥೈರಾಯ್ಡ್ ಗ್ರಂಥಿಯ ಮೇಲೆ ಬಿದ್ದರೆ ಹಾಶಿಮೊಟೊ. 1912ರಲ್ಲಿ ಇದನ್ನು ವಿವರಿಸಿದ ಜಪಾನಿ ವೈದ್ಯರ ಹೆಸರು ಅದು. ಕೀಲುಗಳ ಒಳಪದರದ ಮೇಲೆ ಬಿದ್ದರೆ ರುಮಟಾಯ್ಡ್ ಸಂಧಿವಾತ. ಕಣ್ಣೀರು, ಜೊಲ್ಲು ಸುರಿಸುವ ಗ್ರಂಥಿಗಳ ಮೇಲೆ ಬಿದ್ದರೆ ಶೋಗ್ರೆನ್. ಇನ್ಸುಲಿನ್ ತಯಾರಿಸುವ ಜೀವಕೋಶಗಳ ಮೇಲೆ ಬಿದ್ದರೆ ಟೈಪ್ 1 ಮಧುಮೇಹ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ಬಿದ್ದರೆ ತೊನ್ನು. ಹೀಗೆ ಎಂಬತ್ತಕ್ಕೂ ಹೆಚ್ಚು ಕಾಯಿಲೆಗಳಿವೆ. ಒಟ್ಟಾರೆ ನೋಡಿದರೆ ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಯಾವುದೂ ಅಂಟುರೋಗವಲ್ಲ.

ಇವುಗಳಲ್ಲಿ ಒಂದು ಬಂದವರಿಗೆ ಇನ್ನೊಂದು ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಒಂದೇ ಬಗೆಯ ವಂಶವಾಹಿಗಳು ಹಲವು ಕಾಯಿಲೆಗಳಿಗೆ ದಾರಿ ಮಾಡಿಕೊಡುವುದು ಇದಕ್ಕೆ ಒಂದು ಕಾರಣ. ನನಗೆ 2009ರಲ್ಲಿ ಥೈರಾಯ್ಡ್, 2013ರಲ್ಲಿ ಸಂಧಿವಾತ, ಮೂರು ವರ್ಷ ಬಿಟ್ಟು ಶೋಗ್ರೆನ್. ಊರಿನಿಂದ ಫೋನ್ ಮಾಡಿದವರೆಲ್ಲ ನಾಗದೋಷವಿರಬಹುದು, ಆಶ್ಲೇಷಾ ಬಲಿ ಮಾಡಿಸಿ ಎಂದರು. ಮಾಡಿಸುವವರು ಮಾಡಿಸಲಿ, ಮಾತ್ರೆಯನ್ನು ಮಾತ್ರ ನಿಲ್ಲಿಸಬಾರದು. ಕೊರೋನಾ ನಂತರ ಇನ್ನೊಂದು ಸಲಹೆ ಸೇರಿಕೊಂಡಿದೆ: ಇಮ್ಯೂನಿಟಿ ಹೆಚ್ಚಿಸುವ ಕಷಾಯ ಕುಡಿಯಿರಿ. ನಮ್ಮ ತೊಂದರೆ ಆ ಶಕ್ತಿ ಕಡಿಮೆಯಾಗಿರುವುದಲ್ಲ, ದಾರಿ ತಪ್ಪಿರುವುದು. ಅದನ್ನು ತಗ್ಗಿಸಿ ಇಡುವುದಕ್ಕೇ ನಾವು ಔಷಧಿ ತೆಗೆದುಕೊಳ್ಳುವುದು. ಆದ್ದರಿಂದಲೇ ಉಳಿದವರು ಕ್ರೋಸಿನ್ ನುಂಗಿ ಮಲಗುವ ಜ್ವರಕ್ಕೂ ನಾವು ವೈದ್ಯರನ್ನು ಕೇಳಬೇಕಾಗುತ್ತದೆ.

ಮೂರು ಕಾಯಿಲೆ ಎಂದರೆ ಒಂದರ ಮೂರು ಪಟ್ಟು ಎಂದು ತಿಳಿಯಬೇಡಿ. ಅವು ಒಂದಕ್ಕೊಂದು ಅಡ್ಡ ಬರುತ್ತವೆ. ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು, ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿ ಕೂಡ ಇಲ್ಲ. ಮೂಳೆಗೆಂದು ಕೊಟ್ಟ ಕ್ಯಾಲ್ಸಿಯಂ, ರಕ್ತಕ್ಕೆಂದು ಕೊಟ್ಟ ಕಬ್ಬಿಣದ ಮಾತ್ರೆ ಅದರಿಂದ ನಾಲ್ಕು ಗಂಟೆ ದೂರ ಇರಬೇಕು. ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಅದನ್ನು ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ನಮ್ಮ ಮನೆಯಲ್ಲಿ ಆ ಮಾತ್ರೆಯ ಡಬ್ಬಿಯ ಮೇಲೆ ಮಗಳು ಕೆಂಪು ಅಕ್ಷರದಲ್ಲಿ 'ಭಾನುವಾರ' ಎಂದು ಬರೆದಿಟ್ಟಿದ್ದಾಳೆ. ಅದಕ್ಕಾಗಿ ರಕ್ತ ಮತ್ತು ಲಿವರ್ ಪರೀಕ್ಷೆಯನ್ನು ಆಗಾಗ ಮಾಡಿಸುತ್ತಿರಬೇಕು. ಹೈಡ್ರಾಕ್ಸಿಕ್ಲೋರೊಕ್ವಿನ್‌ಗೆ ಕಣ್ಣಿನ ಅಕ್ಷಿಪಟದ ತಪಾಸಣೆ ಬೇರೆ. ನೋವು ಉಲ್ಬಣಿಸಿದಾಗ ಕೊಡುವ ಸ್ಟೀರಾಯ್ಡ್ ಎರಡು ದಿನದಲ್ಲಿ ಕೈಬೆರಳು ಮಡಿಸುವಂತೆ ಮಾಡುತ್ತದೆ ನಿಜ, ಆದರೆ ಅದು ಸಕ್ಕರೆ ಏರಿಸುತ್ತದೆ, ಬಹುಕಾಲ ತೆಗೆದುಕೊಂಡರೆ ಮೂಳೆ ಸವೆಸುತ್ತದೆ, ಮತ್ತೆ ಒಮ್ಮೆಲೇ ನಿಲ್ಲಿಸುವಂತಿಲ್ಲ.

ಆಯಾಸದ ಮಾತು ಬಿಟ್ಟರೆ ಈ ವಿಷಯ ಪೂರ್ತಿಯಾಗದು. ಇದು ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ. ಥೈರಾಯ್ಡ್ ನೋಡುವವರು ಅಂಕಿಗಳು ಸರಿಯಾಗಿವೆ, ಕೀಲಿನಿಂದಿರಬೇಕು ಎನ್ನುತ್ತಾರೆ. ಕೀಲಿನವರು ರಕ್ತ ಕಡಿಮೆ ಇರಬಹುದು ಎನ್ನುತ್ತಾರೆ. ಒಬ್ಬರಂತೂ ವಯಸ್ಸಾಗುತ್ತಾ ಬಂತಲ್ಲ ಅಮ್ಮ ಎಂದರು. ಎಲ್ಲ ಚೀಟಿಗಳನ್ನೂ ಒಟ್ಟಿಗೆ ಇಟ್ಟು ನೋಡುವ ಒಬ್ಬ ವೈದ್ಯರು ಸಿಕ್ಕಿದರೆ ಅರ್ಧ ಚಿಕಿತ್ಸೆ ಆದಂತೆ. ನಾನು ಎಲ್ಲ ಔಷಧಿಗಳ ಹೆಸರನ್ನು ಒಂದೇ ಹಾಳೆಯಲ್ಲಿ ಬರೆದು ಪರ್ಸಿನಲ್ಲಿಟ್ಟಿರುತ್ತೇನೆ, ಹಲ್ಲಿನ ಡಾಕ್ಟರರಿಗೂ ತೋರಿಸುತ್ತೇನೆ. ಬಾಯಲ್ಲಿ ಜೊಲ್ಲು ಇಲ್ಲದಿದ್ದರೆ ಹಲ್ಲು ಬೇಗ ಹುಳುಕಾಗುತ್ತದೆ. ಒಣ ಚಪಾತಿಯಾಗಲಿ ಅವಲಕ್ಕಿಯಾಗಲಿ ನೀರಿಲ್ಲದೆ ಗಂಟಲಲ್ಲಿ ಇಳಿಯುವುದಿಲ್ಲ.

ನನ್ನದು ಹೋಗಲಿ. ಈ ವರ್ಷದ ಅರ್ಜಿಗಳಲ್ಲಿ ಶಾಲೆಗೆ ಹೋಗುವ ಒಬ್ಬ ಹುಡುಗಿಯದೂ ಇದೆ. ಅವಳಿಗೆ ಟೈಪ್ 1 ಮಧುಮೇಹ, ಅದರ ಜೊತೆ ಸೀಲಿಯಾಕ್. ಈ ಎರಡು ಜೊತೆಯಾಗಿ ಬರುವುದು ಅಪರೂಪವಲ್ಲ. ಸೀಲಿಯಾಕ್ ಇರುವವರು ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ತಿಂದರೆ ಸಣ್ಣ ಕರುಳಿನ ಒಳಪದರ ಹಾಳಾಗುತ್ತದೆ. ಇದಕ್ಕೆ ಮಾತ್ರೆ ಇಲ್ಲ, ಜೀವಮಾನವಿಡೀ ಪಥ್ಯವೇ ಔಷಧಿ. ರಾಗಿ, ಜೋಳ, ಅಕ್ಕಿ ತಿನ್ನುವ ನಮಗೆ ಇದೇನು ಕಷ್ಟ ಎನಿಸಬಹುದು. ಮುದ್ದೆ, ಜೋಳದ ರೊಟ್ಟಿ, ನೀರುದೋಸೆ ಯಾವುದಕ್ಕೂ ಅಡ್ಡಿಯಿಲ್ಲ. ಆದರೆ ಬೀದಿಯ ಚಕ್ಕಿಯಲ್ಲಿ ಗೋಧಿ ಬೀಸಿದ ಮೇಲೆ ಅದೇ ಕಲ್ಲಿನಲ್ಲಿ ಜೋಳ ಬೀಸಿದರೆ ಹಿಟ್ಟು ಕೆಟ್ಟಿತು. ಅಂಗಡಿಯ ಇಂಗಿನ ಪುಡಿಯಲ್ಲಿ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಅಂದರೆ ಹೊರಗಿನ ಸಾರು, ಸಾಂಬಾರು, ಉಪ್ಪಿನಕಾಯಿ ಎಲ್ಲವೂ ಅನುಮಾನ. ಅವಳ ತಾಯಿ ಜೋಳ, ರಾಗಿಯನ್ನು ಮನೆಯಲ್ಲೇ ಮಿಕ್ಸರಿನಲ್ಲಿ ಪುಡಿ ಮಾಡಿ ಜರಡಿ ಹಿಡಿಯುತ್ತಾರೆ. ಸಂಘದ ವಾರ್ಷಿಕೋತ್ಸವದ ಊಟಕ್ಕೆ ಡಬ್ಬಿ ತಂದಿದ್ದ ಹುಡುಗಿ ಅವಳೇ. ಇನ್ಸುಲಿನ್ ಹಾಕಿಕೊಂಡ ಮೇಲೆ ಅಳತೆಯಷ್ಟು ತಿನ್ನಲೇಬೇಕು. ತಿನ್ನಬಹುದಾದದ್ದು ಅಲ್ಲಿ ಸಿಗದಿದ್ದರೆ ಸಕ್ಕರೆ ಕುಸಿಯುತ್ತದೆ. ಎರಡು ಕಾಯಿಲೆ ಒಂದಕ್ಕೊಂದು ಅಡ್ಡ ಬರುವುದೆಂದರೆ ಹೀಗೆ.

ಇನ್ನು ಹಣದ ಮಾತು. ನನ್ನ ಔಷಧಿಗೆ ತಿಂಗಳಿಗೆ ಸುಮಾರು 2,200 ರೂ. ಬೀಳುತ್ತದೆ. ಅದರಲ್ಲಿ ದೊಡ್ಡ ಪಾಲು ಕಣ್ಣಿಗೆ ಹಾಕುವ ಕೃತಕ ಕಣ್ಣೀರಿನದು ಎಂದರೆ ಯಾರೂ ನಂಬುವುದಿಲ್ಲ. ರಕ್ತ ಪರೀಕ್ಷೆ, ವೈದ್ಯರ ಫೀ, ರಿಕ್ಷಾ ಬೇರೆ. ಕೆಲವು ಮಾತ್ರೆಗಳನ್ನು ಜನೌಷಧಿ ಕೇಂದ್ರದಿಂದ ತರುತ್ತೇನೆ, ಗಣನೀಯ ಉಳಿತಾಯವಾಗುತ್ತದೆ. ಬಯೋಲಾಜಿಕ್ ಚುಚ್ಚುಮದ್ದು ಬೇಕಾದವರ ಖರ್ಚು ಇದರ ಎಷ್ಟೋ ಪಟ್ಟು. 2020ರ ಮಾರ್ಚ್‌ನಲ್ಲಿ ಕೊರೋನಾಕ್ಕೆ ಒಳ್ಳೆಯದಂತೆ ಎಂಬ ಸುದ್ದಿ ಹಬ್ಬಿ ಹೈಡ್ರಾಕ್ಸಿಕ್ಲೋರೊಕ್ವಿನ್‌ಗೆ ಜನ ಮುಗಿಬಿದ್ದಾಗ ನಾಲ್ಕು ಅಂಗಡಿ ಸುತ್ತಿದರೂ ಒಂದು ಸ್ಟ್ರಿಪ್ ಸಿಗಲಿಲ್ಲ. ಅಂದಿನಿಂದ ಒಂದು ತಿಂಗಳ ಔಷಧಿ ಮುಂಚಿತವಾಗಿ ಇಟ್ಟುಕೊಳ್ಳುತ್ತೇನೆ. ಕೈಯಲ್ಲಿ ದುಡ್ಡಿದ್ದವರಿಗೆ ಮಾತ್ರ ಅದು ಸಾಧ್ಯ.

ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆಯಲ್ಲಿ ಮಲಗಿದವರಿಗೆ. ಹೊರರೋಗಿ ವಿಭಾಗದ ಫೀ, ತಿಂಗಳ ಮಾತ್ರೆ ಅದರಲ್ಲಿ ಹೆಚ್ಚಾಗಿ ಬರುವುದಿಲ್ಲ. ಇರುವ ಕಾಯಿಲೆಗೆ ಕಾಯುವ ಅವಧಿಯನ್ನು 2024ರಲ್ಲಿ ನಾಲ್ಕು ವರ್ಷದಿಂದ ಗರಿಷ್ಠ ಮೂರು ವರ್ಷಕ್ಕೆ ಇಳಿಸಿದ್ದಾರೆ, ಅದೂ ದಾಖಲಾದರೆ ತಾನೇ ಉಪಯೋಗಕ್ಕೆ. ಆಯುಷ್ಮಾನ್ ಕಾರ್ಡಿನ 5 ಲಕ್ಷವೂ ಮುಖ್ಯವಾಗಿ ದಾಖಲಾದವರಿಗೇ. ನಮ್ಮ ನಿಧಿಯ ನಿಯಮವೂ ಇಲ್ಲಿಯವರೆಗೆ ಹಾಗೆಯೇ ಇತ್ತು. ಇದರ ಫಲವೇನೆಂದರೆ, ದುಡ್ಡಿಲ್ಲದವರು ಮೊದಲು ರಕ್ತ ಪರೀಕ್ಷೆ ಬಿಡುತ್ತಾರೆ, ಆಮೇಲೆ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಾರೆ. ಹಾಗೆ ವಕ್ರವಾದ ಬೆರಳು ಆಮೇಲೆ ಎಷ್ಟು ಖರ್ಚು ಮಾಡಿದರೂ ಮಾತ್ರೆಯಿಂದ ನೆಟ್ಟಗಾಗುವುದಿಲ್ಲ. ಹೊಲಿಗೆ ಹಾಕಿ, ಹಪ್ಪಳ ಮಾಡಿ ಸಂಸಾರ ನಡೆಸುವ ಹೆಂಗಸಿಗೆ ಬೆರಳು ಹೋದರೆ ಏನು ಉಳಿಯಿತು?

ಆದ್ದರಿಂದ ಸಮಿತಿಯು ಈ ಸಾಲಿನಿಂದ 'ತಿಂಗಳ ಔಷಧಿ' ಎಂಬ ಪ್ರತ್ಯೇಕ ಬಾಬು ತೆರೆಯಲು ನಿರ್ಧರಿಸಿದೆ. ಒಂದು ಕುಟುಂಬಕ್ಕೆ ತಿಂಗಳಿಗೆ 1,500 ರೂ.ನಂತೆ ಹನ್ನೆರಡು ತಿಂಗಳು. ಹಣ ನೇರವಾಗಿ ಔಷಧಿ ಅಂಗಡಿಗೆ ಅಥವಾ ಲ್ಯಾಬಿಗೆ. ಒಮ್ಮೆಲೇ 18,000 ರೂ. ಕೊಡುವವರು ಕೊಡಬಹುದು. ತಿಂಗಳಿಗೆ 100, 200 ಎಂದು ವರ್ಷವಿಡೀ ತಪ್ಪದೆ ಕೊಡುವವರು ಹತ್ತು ಮಂದಿ ಸಿಕ್ಕಿದರೆ ಒಂದು ಮನೆಯ ಔಷಧಿಯ ಚಿಂತೆ ಕಳೆಯುತ್ತದೆ. ಸದ್ಯ ಮಂಜೂರಾತಿಗೆ ಕಾದಿರುವ ಅರ್ಜಿಗಳು ಐದು. ಚೆಕ್ಕಿನ ಹಿಂಭಾಗದಲ್ಲಿ 'ತಿಂಗಳ ಔಷಧಿ' ಎಂದು ಬರೆಯಿರಿ. ರಸೀದಿ ಕಚೇರಿಯಲ್ಲಿ ಸಿಗುತ್ತದೆ. ನೆರವು ಬೇಕಾದವರು ಎಲ್ಲ ವೈದ್ಯರ ಚೀಟಿಗಳ ಪ್ರತಿ ಮತ್ತು ಕಳೆದ ಮೂರು ತಿಂಗಳ ಬಿಲ್ಲುಗಳನ್ನು ಅರ್ಜಿಗೆ ಲಗತ್ತಿಸಿದರೆ ಸಾಕು. ಆಸ್ಪತ್ರೆಗೆ ದಾಖಲಾದ ದಿನಾಂಕದ ಜಾಗವನ್ನು ಖಾಲಿ ಬಿಡಬಹುದು.