ಒಂದು ಪುಟ್ಟ ಊರು, ಮೂವರು ಲೇಖಕರು

ಕೆನಡಾ ದೇಶದ ಸಸ್ಕ್ಯಾಚೆವಾನ್ ಪ್ರಾಂತದ ನೈರುತ್ಯ ಮೂಲೆಯಲ್ಲಿ, ಅಮೆರಿಕದ ಗಡಿಗೆ ಅನತಿದೂರದಲ್ಲಿ, ಈಸ್ಟೆಂಡ್ ಎಂಬ ಊರೊಂದಿದೆ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಮರವಿಲ್ಲದ ಹುಲ್ಲುಗಾವಲು. ಪಶ್ಚಿಮಕ್ಕೆ ಸೈಪ್ರೆಸ್ ಬೆಟ್ಟಗಳು. ಊರನ್ನು ಬಳಸಿ ಹರಿಯುವ ಫ್ರೆಂಚ್‌ಮನ್ ನದಿ. ಜನಸಂಖ್ಯೆ ಐನೂರು ಆರುನೂರರಷ್ಟು ಮಾತ್ರ. ಹಾಗಿದ್ದರೂ ಅದು ಅಲ್ಲಿಯ ಲೆಕ್ಕದಲ್ಲಿ ಪಟ್ಟಣವೇ! 1991ರಲ್ಲಿ ಸಮೀಪದ ಕಣಿವೆಯಲ್ಲಿ ಟೈರನೋಸಾರಸ್ ಎಂಬ ದೈತ್ಯಪ್ರಾಣಿಯ ಅಸ್ಥಿಪಂಜರ ದೊರೆತು ಊರಿನ ಹೆಸರು ಪತ್ರಿಕೆಗಳಲ್ಲಿ ಮೆರೆಯಿತು. ಆದರೆ ಸಾಹಿತ್ಯಪ್ರಿಯರಿಗೆ ಈಸ್ಟೆಂಡ್ ಪರಿಚಯವಾದದ್ದು ಅದಕ್ಕೂ ಎಷ್ಟೋ ಮೊದಲು.

1914ರಲ್ಲಿ, ಊರು ಆಗತಾನೆ ತಲೆಯೆತ್ತುತ್ತಿದ್ದಾಗ, ಐದು ವರ್ಷದ ಬಾಲಕನೊಬ್ಬ ತಂದೆತಾಯಿ ಹಾಗೂ ಅಣ್ಣನೊಡನೆ ಅಲ್ಲಿಗೆ ಬಂದ. ಚಳಿಗಾಲವೆಲ್ಲ ಊರಿನಲ್ಲಿ ವಾಸ, ಬೇಸಗೆಯಲ್ಲಿ ಗಡಿಯಂಚಿನ ಹೊಲದಲ್ಲಿ. ಗೋದಿ ಬೆಳೆದು ಸಿರಿವಂತನಾಗುವ ಕನಸು ತಂದೆಯದು. ಮಳೆರಾಯನ ಕೃಪೆಯಾಗಲಿಲ್ಲ; 1920ರಲ್ಲಿ ಸಂಸಾರ ಗಂಟುಮೂಟೆ ಕಟ್ಟಿಕೊಂಡು ಹೊರಟಿತು. ಆ ಬಾಲಕನೇ ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿ, 1972ರಲ್ಲಿ ಪುಲಿಟ್ಜರ್ ಪಾರಿತೋಷಕ ಪಡೆದ ವ್ಯಾಲೇಸ್ ಸ್ಟೆಗ್ನರ್.

1953ರಲ್ಲಿ ಸ್ಟೆಗ್ನರ್ ತಮ್ಮ ಗುರುತು ಹೇಳಿಕೊಳ್ಳದೆ ಈಸ್ಟೆಂಡಿಗೆ ಮರಳಿದರು. ಬೀದಿಗಳು ಕಂಡವು, ನದಿ ಕಂಡಿತು. ಮನಸ್ಸು ಮಾತ್ರ ಅನುಮಾನಿಸುತ್ತಲೇ ಇತ್ತು. ಕೊನೆಗೆ ನದಿಯ ದಡದಲ್ಲಿ ಮೂಗಿಗೆ ಬಡಿದ ಒಂದು ಕಾಡುಪೊದೆಯ ವಾಸನೆ ಹೂತುಹೋಗಿದ್ದ ಬಾಲ್ಯವನ್ನೆಲ್ಲ ಎಬ್ಬಿಸಿತಂತೆ. ಆ ಪೊದೆಯ ಹೆಸರೇ 'ವುಲ್ಫ್ ವಿಲ್ಲೋ'. 1962ರಲ್ಲಿ ಪ್ರಕಟವಾದ ಪುಸ್ತಕದ ಹೆಸರೂ ಅದೇ. ಅದು ಕಾದಂಬರಿಯಲ್ಲ, ಇತಿಹಾಸವಲ್ಲ, ಆತ್ಮಕಥೆಯೂ ಅಲ್ಲ. ಮೂರೂ ಬೆರೆತ ವಿಚಿತ್ರ ಪಾಕ. 1906-07ರ ಭೀಕರ ಚಳಿಗಾಲದಲ್ಲಿ ದನಗಾಹಿಗಳು ಪಟ್ಟ ಪಾಡನ್ನು ಹೇಳುವ ಅದರೊಳಗಿನ ನೀಳ್ಗತೆಯೊಂದನ್ನು ಓದಿದವರಿಗೆ ನಮ್ಮ ಮಾಗಿಯ ಚಳಿ ಚಳಿಯೆಂದೇ ತೋರದು.

ಆ ಪುಸ್ತಕದಲ್ಲಿ ಮರ್ಮಕ್ಕೆ ತಾಗುವ ದೂರೊಂದುಂಟು. ಶಾಲೆಯಲ್ಲಿ ಬಾಲಕ ಕಲಿತದ್ದೆಲ್ಲ ದೂರದೇಶಗಳ ಚರಿತ್ರೆ. ತನ್ನ ಕಾಲಡಿಯ ನೆಲದಲ್ಲಿ ಏನು ನಡೆದಿತ್ತೆಂದು ಯಾರೂ ಅವನಿಗೆ ಹೇಳಿಕೊಡಲಿಲ್ಲ. ತನ್ನ ಊರಿಗೂ ಚರಿತ್ರೆಯುಂಟೆಂದು ಅವರಿಗೆ ತಿಳಿದದ್ದು ದೊಡ್ಡವರಾದ ಮೇಲೆ, ಗ್ರಂಥಭಂಡಾರಗಳಲ್ಲಿ. ಊರಿನ ಮೇಲೆ ಮಮತೆಯಿದ್ದರೂ, ಬೆಳೆದ ಮನುಷ್ಯನ ಬುದ್ಧಿಗೆ ಬೇಕಾದ ಆಹಾರ ಅಲ್ಲಿ ಸಾಲದೆಂದೇ ಅವರ ತೀರ್ಮಾನ. ಇದು ತುಸು ಕಠಿಣವಾಯಿತೇನೋ!

ಆ ತೀರ್ಮಾನಕ್ಕೆ ಉತ್ತರವೋ ಎಂಬಂತೆ ಬಂದವರು ಶ್ಯಾರನ್ ಬುಟಾಲ. 1976ರಲ್ಲಿ ಸಸ್ಕಟೂನ್ ನಗರದ ವಿದ್ಯಾವಂತ ಬದುಕನ್ನು ಬಿಟ್ಟು, ಈಸ್ಟೆಂಡಿನ ಸಮೀಪದ ಪಶುಪಾಲಕರೊಬ್ಬರನ್ನು ವರಿಸಿ ಹುಲ್ಲುಗಾವಲಿಗೆ ಬಂದರು. ಒಂಟಿತನವೇ ಆಕೆಗೆ ಗುರುವಾಯಿತು. 1994ರಲ್ಲಿ ಹೊರಬಂದ 'ದಿ ಪರ್ಫೆಕ್ಷನ್ ಆಫ್ ದಿ ಮಾರ್ನಿಂಗ್' ಆ ಶಿಷ್ಯವೃತ್ತಿಯ ಕಥೆ; ಕೆನಡಾದ ಓದುಗರು ಅದನ್ನು ಮುಗಿಬಿದ್ದು ಕೊಂಡರು. 2000ದಲ್ಲಿ ಬಂದ ಇನ್ನೊಂದು ಪುಸ್ತಕದಲ್ಲಿ ಆಕೆ, ತಮ್ಮದೇ ಜಮೀನಿನಲ್ಲಿ ಮೂಲನಿವಾಸಿಗಳು ಇಟ್ಟುಹೋದ ಕಲ್ಲಿನ ವರ್ತುಲಗಳನ್ನೂ ಗುಪ್ಪೆಗಳನ್ನೂ ಕುರಿತು ಚಿಂತಿಸಿದ್ದಾರೆ. ಪತಿ 2007ರಲ್ಲಿ ತೀರಿಕೊಂಡರು. ಆಕೆ ಕ್ಯಾಲ್ಗರಿ ನಗರಕ್ಕೆ ಹೋದರು.

ಆ ಕಲ್ಲುಗಳನ್ನು ಇಟ್ಟವರು ಎಲ್ಲಿ ಹೋದರು? ಸ್ಟೆಗ್ನರ್ ಅವರನ್ನು ಮರೆತಿರಲಿಲ್ಲ. 1873ರ ಜೂನ್ ತಿಂಗಳಲ್ಲಿ ಸೈಪ್ರೆಸ್ ಬೆಟ್ಟಗಳಲ್ಲಿ ತೋಳಬೇಟೆಗಾರರೂ ವಿಸ್ಕಿ ಮಾರುವವರೂ ನಕೋಡ ಜನರನ್ನು ಕೊಂದ ಘೋರಕೃತ್ಯವನ್ನು ಅವರೂ ಬರೆದಿದ್ದಾರೆ. ಆದರೆ ಕೆಂಪಂಗಿಯ ಪೊಲೀಸರು ಬಂದರು, ಶಾಂತಿ ನೆಲಸಿತು ಎಂಬಲ್ಲಿಗೆ ಅವರ ಕಥೆ ವಾಲುತ್ತದೆ. ಮೂಲನಿವಾಸಿಗಳು ಮುಗಿದ ಅಧ್ಯಾಯವಾಗಿ ಹಿಂದುಳಿಯುತ್ತಾರೆ. ಈಸ್ಟೆಂಡ್ ಎಂಬ ಹೆಸರೇ ಬೆಟ್ಟಗಳ ಪೂರ್ವತುದಿಯಲ್ಲಿದ್ದ ಪೊಲೀಸ್ ಠಾಣೆಯಿಂದ ಬಂದದ್ದು.

ಅಲ್ಲಿಂದ ಮುಂದಿನ ಕಥೆಯನ್ನು ಹೇಳಿದವರು ಕ್ಯಾಂಡೇಸ್ ಸ್ಯಾವೇಜ್. ಸ್ಟೆಗ್ನರ್ ಕುಟುಂಬ ವಾಸವಿದ್ದ ಮನೆಯನ್ನು ಊರಿನವರೇ ಜೀರ್ಣೋದ್ಧಾರ ಮಾಡಿ, ಲೇಖಕರೂ ಕಲಾವಿದರೂ ಬಂದು ತಂಗಲು ಅಣಿಗೊಳಿಸಿದ್ದಾರೆ. ಆ ಮನೆಯಲ್ಲಿ ತಂಗಲು ಬಂದ ಸ್ಯಾವೇಜ್ ಊರಿಗೆ ಮನಸೋತು ಅಲ್ಲೇ ಒಂದು ಮನೆಯನ್ನೂ ಕೊಂಡರು. ನೆಮ್ಮದಿಯ ಊರೊಂದರ ಬಗೆಗೆ ನೆಮ್ಮದಿಯ ಪುಸ್ತಕ ಬರೆಯಬಹುದಾಗಿತ್ತು. ಆದರೆ ಹಳೆಯ ಕಡತಗಳು ಬೇರೆ ಮಾತನ್ನು ಹೇಳಿದವು. ಬೈಸನ್‌ಗಳ ಹಿಂಡು ನಾಶವಾಗಿ ಹಸಿದ ಜನ ಬೆಟ್ಟಗಳಲ್ಲಿದ್ದ ಪೊಲೀಸ್ ಕೋಟೆಯ ಸುತ್ತ ನೆರೆದಾಗ, ಸರ್ಕಾರ ಅವರನ್ನು ಆ ಸೀಮೆಯಿಂದ ಹೊರಡಿಸಲು ಪಡಿಯನ್ನೇ ಹಿಡಿತಕ್ಕೆ ತಂದಿತ್ತು. ಹೊರಟರೆ ಅನ್ನ, ನಿಂತರೆ ಉಪವಾಸ. 1883ರಲ್ಲಿ ಕೋಟೆಯನ್ನೇ ಮುಚ್ಚಲಾಯಿತು. ಸ್ಟೆಗ್ನರ್ ಸಂಸಾರಕ್ಕೆ 'ಖಾಲಿ' ಭೂಮಿ ಸಿಕ್ಕಿದ್ದು ಅದಾದ ಮೂವತ್ತು ವರ್ಷಗಳ ತರುವಾಯ. ಆದರೂ ನೆಕನೀಟ್ ಎಂಬ ಮುಖಂಡನ ಬಳಗ ಬೆಟ್ಟ ಬಿಟ್ಟು ಕದಲಲಿಲ್ಲ. ಅವರ ವಂಶದವರು ಇಂದಿಗೂ ಅಲ್ಲೇ ಇದ್ದಾರೆ.

ಸ್ಯಾವೇಜರ 'ಎ ಜಿಯಾಗ್ರಫಿ ಆಫ್ ಬ್ಲಡ್' 2012ರಲ್ಲಿ ಪ್ರಕಟವಾಗಿ, ಅದೇ ವರ್ಷ ಕೆನಡಾದ ಲೇಖಕರ ಟ್ರಸ್ಟಿನ ಅರವತ್ತು ಸಾವಿರ ಡಾಲರಿನ ಬಹುಮಾನ ಗಳಿಸಿತು. ಅದರಲ್ಲಿ ಸ್ಟೆಗ್ನರ್ ಬಗೆಗೆ ಗೌರವವಿದೆ, ಜಗಳವೂ ಇದೆ. ಆ ಜಗಳಕ್ಕೆ ನೆಲೆ ಒದಗಿಸಿದ್ದು, ಬಾಲಕ ಸ್ಟೆಗ್ನರ್ ಆಡಿ ಬೆಳೆದ ಮನೆ.